ಮನೆಯಂಗಳದ ಮೂಲಿಕೆ: ದೊಡ್ಡಪತ್ರೆ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಅರಿಯದವರಿಲ್ಲ. ಕೈಗೆಟಕುವ ವಸ್ತುವಿನಲ್ಲಿ ಮನುಷ್ಯರಿಗೆ ಆದರವು ಕಡಿಮೆಯೆಂಬುದೇ ಅದರ ತಾತ್ಪರ್ಯವು. ಆದರೆ ಹಿತ್ತಲ ಗಿಡವೊಂದೇ ಮದ್ದೆಂದು ನಂಬಿ ಕುಳಿತುಕೊಳ್ಳುವುದೂ ಅಷ್ಟೇ ತಪ್ಪೆಂಬುದನ್ನು ನಾವು ಸ್ವಾನುಭವದಿಂದ ಕಲಿತಿರುವೆವು. ಈ ಎರಡು ಮಾತುಗಳನ್ನೂ ನೆನಪಿನಲ್ಲಿರಿಸಿಕೊಂಡು ಈ ತಿಂಗಳು ದೊಡ್ಡಪತ್ರೆಯ ವಿಚಾರವನ್ನು ವಾಚಕರ ಮುಂದಿಡುತ್ತೇವೆ.

ದೊಡ್ಡಪತ್ರೆಯು ತುಳಸಿ, ಪುದೀನಗಳ ಕುಟುಂಬಕ್ಕೆ ಸೇರಿದುದು. ಪಾಶ್ಚಾತ್ಯರು ತಮ್ಮ ತೋಟಗಳಲ್ಲಿ ಬೆಳೆಸಿ ಕಷಾಯಕ್ಕೆ ಬಳಸುವ, ನಿಂಬೆಯ ಪರಿಮಳವುಳ್ಳ ಲೆಮನ್ ಬಾಮ್ ಗಿಡವೂ ಇದರ ದಾಯಾದಿಯೇ. ನಮ್ಮ ದೊಡ್ಡಪತ್ರೆಯ ಎಲೆಯನ್ನು ಹೊಸಕಿದರೆ ಓಮದ ವಾಸನೆ ಬರುವುದಷ್ಟೆ? ಥೈಮಾಲ್, ಕಾರ್ವಕ್ರಾಲ್ ಎಂಬ ತೈಲಾಂಶಗಳೇ ಅದಕ್ಕೆ ಕಾರಣ. 1790ರಲ್ಲಿ ಲೌರೇರೊ ಎಂಬ ಪೋರ್ಚುಗೀಸ್ ಪಂಡಿತನು ಅಂಬೊನ್ ದ್ವೀಪದ ನೆನಪಿಗಾಗಿ ಇದಕ್ಕೆ ಕೋಲಿಯಸ್ ಅಂಬೊಯ್ನಿಕಸ್ ಎಂಬ ನಾಮವನ್ನಿತ್ತನು.

ಇದನ್ನು ಬೆಳೆಸಲು ಬೀಜವನ್ನು ಹುಡುಕಬೇಕಾಗಿಲ್ಲ. ನೆರೆಮನೆಯಿಂದ 4 ಅಂಗುಲದ ಒಂದು ತುಂಡನ್ನು ಬೇಡಿ ತಂದು, ಕೆಳಗಿನ ಎಲೆಗಳನ್ನು ತೆಗೆದು, ಮರಳು ಮತ್ತು ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಊರಿದರೆ ಎರಡು ಮೂರು ವಾರಗಳಲ್ಲಿ ಬೇರು ಹಿಡಿಯುತ್ತದೆ. ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇದಕ್ಕೆ ಹಿತ. ಮಣ್ಣು ಒಣಗಿದ ಮೇಲೆಯೇ ನೀರೆರೆಯಬೇಕು. ನೀರು ನಿಂತರೆ ಕಾಂಡವು ಕೊಳೆಯುವುದು. ಆಗಾಗ ಕುಡಿಗಳನ್ನು ಚಿವುಟುತ್ತಿದ್ದರೆ ಗಿಡವು ಪೊದೆಯಾಗಿ ಹಬ್ಬುತ್ತದೆ.

ತಂಬುಳಿಗೆ 10–12 ಎಲೆಗಳು ಸಾಕು. ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸುಗಳೊಡನೆ ಎಲೆಗಳನ್ನು ಬಾಡಿಸಿ, ಒಂದು ಹಿಡಿ ತೆಂಗಿನ ತುರಿಯೊಡನೆ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆಯಲ್ಲಿ ಕದಡಿ, ಉಪ್ಪು ಹಾಕಿ ಸಾಸಿವೆಯ ಒಗ್ಗರಣೆ ಕೊಡಬೇಕು. ಕುದಿಸಲಾಗದು. ಹಿಟ್ಟಿನಲ್ಲಿ ಅದ್ದಿ ಕರಿದ ಎಲೆಗಳ ಬಜ್ಜಿಯು ಮಳೆಗಾಲದ ಸಂಜೆಗೆ ಬಹು ರುಚಿಕರ.

ಇನ್ನು ಎಚ್ಚರಿಕೆಯ ಮಾತು. ಒಂದು ಮಳೆಗಾಲದಲ್ಲಿ ನಮ್ಮ ಮನೆಯ ಹತ್ತು ತಿಂಗಳ ಕೂಸಿಗೆ ಕೆಮ್ಮು ಹತ್ತಿತು. ಬಾಡಿಸಿದ ಎಲೆಯ ರಸವನ್ನು ಜೇನಿನಲ್ಲಿ ಬೆರೆಸಿ ಎರಡು ದಿನ ನೆಕ್ಕಿಸಿ, ವಾಸಿಯಾದೀತೆಂದು ಕಾದೆವು. ಮೂರನೆಯ ರಾತ್ರಿ ಉಸಿರು ವೇಗವಾಗಿ, ಪಕ್ಕೆ ಒಳಸೇದತೊಡಗಿತು. ಆಸ್ಪತ್ರೆಗೆ ಒಯ್ದಾಗ ನ್ಯುಮೋನಿಯಾ ಎಂದರು. ದೈವಕೃಪೆಯಿಂದಲೂ ವೈದ್ಯರ ಶ್ರಮದಿಂದಲೂ ಕೂಸು ಉಳಿಯಿತು. ಅಂದಿನ ನಮ್ಮ ವಿಳಂಬವನ್ನು ನಾವು ಇಂದಿಗೂ ಮರೆತಿಲ್ಲ.

ಆದುದರಿಂದ ತಾಯಂದಿರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ. ಒಂದು ವರ್ಷ ತುಂಬದ ಮಗುವಿಗೆ ಜೇನನ್ನು ಸರ್ವಥಾ ಕೊಡಬಾರದು; ಅದರಲ್ಲಿರಬಹುದಾದ ಸೂಕ್ಷ್ಮಾಣುಗಳು ಎಳೆಯ ಕರುಳಿನಲ್ಲಿ ವಿಷವನ್ನುಂಟುಮಾಡಬಲ್ಲವು. ಮಗು ಶಾಂತವಾಗಿರುವಾಗ ಪೂರ್ತಿ ಒಂದು ನಿಮಿಷ ಉಸಿರನ್ನು ಎಣಿಸಿರಿ. 2 ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಅದಕ್ಕೂ ಹೆಚ್ಚಾದರೆ, ಇಲ್ಲವೆ ಪಕ್ಕೆ ಒಳಸೇದಿದರೆ, ಆ ಕ್ಷಣವೇ ವೈದ್ಯರಲ್ಲಿಗೆ ಹೊರಡತಕ್ಕದ್ದು.

ನಮ್ಮ ಅಂಗಳದ ದೊಡ್ಡಪತ್ರೆಯನ್ನು ನಾವು ಕಿತ್ತೆಸೆಯಲಿಲ್ಲ. ಗಿಡದ ತಪ್ಪೇನು? ಅದು ಈಗಲೂ ತಂಬುಳಿಗೆ ಎಲೆಗಳನ್ನು ಕೊಡುತ್ತಿದೆ. ಆ ತಂಬುಳಿಯನ್ನು ಚಪ್ಪರಿಸುವವರಲ್ಲಿ ಆ ಮಗುವೇ ಮೊದಲು.