ಹಸಿ ಗಿಲಾವಿಗೆ ಮಳೆಯ ಪೆಟ್ಟು: ಹೊಣೆ ಯಾರದು?

ಹೊರಗೋಡೆಗೆ ಆಗಷ್ಟೇ ಗಿಲಾವು ಮುಗಿದಿರುತ್ತದೆ. ಮುಗಿಲು ಕಪ್ಪಾಗುತ್ತದೆ. ಮನೆಯವರು ಗಾಬರಿಯಾದರೆ ಗೌಂಡಿಯ ಉತ್ತರ ಸಿದ್ಧ: 'ಮಳಿ ಬಂದ್ರ ಬರ್ಲಿ ಬಿಡ್ರಿ, ಕ್ಯೂರಿಂಗ್ ಆದಂಗಾತು!' ಬೈಲಹೊಂಗಲದಿಂದ ರಾಮದುರ್ಗದ ತನಕ ಮಳೆಗಾಲದಲ್ಲಿ ಕೇಳಿಬರುವ ಈ ಮಾತು ಅರ್ಧ ಸತ್ಯ. ಉಳಿದರ್ಧಕ್ಕೆ ದಂಡ ತೆರುವವರು ಸಾಲ ಮಾಡಿ ಮನೆ ಕಟ್ಟಿಸಿದವರು.

ಸಿಮೆಂಟಿಗೆ ನೀರು ಬೇಕು, ಸುಳ್ಳಲ್ಲ. ಕನಿಷ್ಠ 7 ದಿನ ಗೋಡೆ ತೇವವಾಗಿರಬೇಕು. ಆದರೆ ಆ ನೀರು ಬೇಕಾದದ್ದು ಗಿಲಾವು ಬಿಗಿದುಕೊಂಡ ಮೇಲೆ. ಸಾದಾ ಸಿಮೆಂಟ್ ಪೂರ್ತಿ ಬಿಗಿಯಲು 10 ತಾಸಿನವರೆಗೆ ಹಿಡಿಯಬಹುದು. ತಂಪು ಹವೆಯಲ್ಲಿ ಇನ್ನೂ ನಿಧಾನ. ಅಷ್ಟರೊಳಗೆ ರಭಸದ ಮಳೆ ಬಡಿದರೆ ಸಿಮೆಂಟಿನ ಹಾಲು ತೊಳೆದುಹೋಗಿ ಬರೀ ಉಸುಕು ಉಳಿಯುತ್ತದೆ. ಬಣ್ಣ ಹಚ್ಚಿದರೆ ದೋಷ ಮುಚ್ಚಿಹೋಗುತ್ತದೆ. ಮುಂದೆ ಉಗುರಿನಿಂದ ಕೆರೆದರೂ ಪುಡಿ ಉದುರುತ್ತದೆ, ಒಳಗೋಡೆಗೆ ತೇವ ಇಳಿಯುತ್ತದೆ.

ನಾಲ್ಕೂ ಊರಿನ ಮಳೆ ಒಂದೇ ತರಹದ್ದಲ್ಲ. ಪಶ್ಚಿಮದ ಕಿತ್ತೂರಿಗೆ ಘಟ್ಟದ ಗಾಳಿ ತಾಗುತ್ತದೆ. ಆಷಾಢ, ಶ್ರಾವಣದ ಜಿಟಿಜಿಟಿ ಹಿಡಿದರೆ ದಿನಗಟ್ಟಲೆ ಬಿಡದು. ಅಲ್ಲಿ ಹೊರಗಿನ ಗಿಲಾವನ್ನು ದೀಪಾವಳಿ ತನಕ ತಡೆಯುವುದೇ ಲೇಸು. ಪೂರ್ವದ ಸವದತ್ತಿ, ರಾಮದುರ್ಗದಲ್ಲಿ ಹಿಂಗಾರು ಮುಂಚಿನ ಸೆಪ್ಟೆಂಬರ್ ಮಳೆಯದೇ ಜೋರು. ಬಹಳ ಸಲ ಮಧ್ಯಾಹ್ನದ ಮೇಲೆ ಗುಡುಗಿ ಸುರಿಯುತ್ತದೆ. ಅಲ್ಲಿ ಬೆಳಿಗ್ಗೆ ಹಿಡಿದ ಗೋಡೆಯನ್ನು ಮಧ್ಯಾಹ್ನದೊಳಗೆ ಮುಗಿಸಿ ಮುಚ್ಚಬೇಕು.

ಮುಚ್ಚುವುದಕ್ಕೂ ರೀತಿಯುಂಟು. ತಾಡಪತ್ರಿಯನ್ನು ಮಾಳಿಗೆಯ ಮೇಲಿಂದಲೇ ಬಿಗಿದು ಇಳಿಬಿಡಬೇಕು, ಇಲ್ಲವಾದರೆ ಮಾಳಿಗೆಯ ನೀರು ಅದರ ಹಿಂದೆಯೇ ಇಳಿಯುತ್ತದೆ. ಬೊಂಬು ಕಟ್ಟಿ ಗೋಡೆಯಿಂದ ಗೇಣು ದೂರ ನಿಲ್ಲಿಸಬೇಕು. ಗಾಳಿಗೆ ಪಟಪಟ ಬಡಿದರೆ ಅದೇ ಗಿಲಾವನ್ನು ಕೆಡಿಸುತ್ತದೆ. ನೆನೆದ ಗಿಲಾವಿನ ಮೇಲೆ ಒಣ ಸಿಮೆಂಟ್ ಎರಚಿ ಥಾಪಿ ಎಳೆಯುವುದಂತೂ ಬರೀ ಕಣ್ಕಟ್ಟು: ಮೇಲೆ ನುಣುಪು, ಆಮೇಲೆ ಕೂದಲೆಳೆಯ ಬಿರುಕು. ಮಳೆ ತಿಂದ ಗಿಲಾವು ಬಡಿದಾಗ ಟೊಳ್ಳು ಸಪ್ಪಳ ಬಂದರೆ ಅಷ್ಟು ಭಾಗ ಕಿತ್ತು ಹೊಸದಾಗಿ ಮಾಡುವುದೊಂದೇ ದಾರಿ.

ಇಷ್ಟೆಲ್ಲ ಗೌಂಡಿಗೆ ಗೊತ್ತಿಲ್ಲವೆ? ಗೊತ್ತುಂಟು. ಆದರೆ ಚದರ ಅಡಿ ಲೆಕ್ಕದಲ್ಲಿ ದುಡಿಯುವವನಿಗೆ ಮಳೆಗೆ ಕೂತ ದಿನ ಪಗಾರವಿಲ್ಲ. ಅವನ ಅವಸರಕ್ಕೆ ಹೊಟ್ಟೆಪಾಡು ಕಾರಣ. ಮನೆಯವರ ಅವಸರಕ್ಕೆ ಬೇರೆ ಕಾರಣ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗಕ್ಕೆ ನುಗ್ಗಿದಾಗ, ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತು. ಹಣ ಕಂತಿನಲ್ಲಿ, ಇಷ್ಟು ಕೆಲಸವಾದರೆ ಇಷ್ಟು. ಇಂಥ ಲೆಕ್ಕದಲ್ಲಿ ಗೋಡೆ ಎಲ್ಲಿಗೆ ಬಂತೆಂದು ನೋಡುತ್ತಾರೆ, ಮಿರಗ ಕೂಡಿತೋ ಇಲ್ಲವೋ ನೋಡುವುದಿಲ್ಲ. ಬಾಡಿಗೆ ಮನೆಯಲ್ಲೋ ತಗಡಿನ ಶೆಡ್ಡಿನಲ್ಲೋ ಇರುವವರಿಗೆ 'ತಡೀರಿ' ಎಂದು ಹೇಳುವುದು ಸುಲಭ, ತಡೆಯುವುದು ಕಷ್ಟ.

ಆದ್ದರಿಂದ ಮಾತು ಮೊದಲೇ ಆಗಲಿ. ತಾಡಪತ್ರಿ ಯಾರದು, ಮಳೆಯ ದಿನದ ಪಗಾರ ಎಷ್ಟು, ಗಿಲಾವು ಕೆಟ್ಟರೆ ಮರಳಿ ಮಾಡುವ ಖರ್ಚು ಯಾರದು ಎಂದು ಚೀಟಿಯಲ್ಲಿ ಬರೆಯಲಿ. ಮನೆಗೆ ಹಣ ಕೊಡುವ ಇಲಾಖೆಯೂ ಹೊರಗಿನ ಗಿಲಾವಿಗೆ ಮಳೆಗಾಲದ ರಿಯಾಯಿತಿ ಕೊಟ್ಟು, ಕಂತು ತಡೆಯದಿರಲಿ. ಒಂದು ತಾಡಪತ್ರಿಯ ಖರ್ಚು ಉಳಿಸಲು ಹೋಗಿ ಗೋಡೆಯನ್ನೇ ಕಳಕೊಳ್ಳುವುದು ಯಾವ ಲೆಕ್ಕಾಚಾರ?