ತಪ್ಪಿದ ಲೆಕ್ಕವನ್ನೇ ತೋರಿಸಿರಿ

ಚಾಳಿನ ಕೋಣೆಯಲ್ಲಿ ಬೆಳೆದು, ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲೇರಿದ ತರುಣ ತರುಣಿಯರು ಇಂದು ನಮ್ಮ ನಡುವೆ ಕಡಿಮೆಯಿಲ್ಲ. 1982ರ ಮುಷ್ಕರದ ಬಳಿಕ ಮುಂಬಯಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ, ಇನ್ನು ಮಕ್ಕಳಿಗೆ ಓದೇ ಗತಿಯೆಂದು ಕಂಡುಕೊಂಡ ತಂದೆಯರು ಎಷ್ಟೋ ಮಂದಿ. ಹೊಟೇಲಿನ ಸೋದರರೂ ಅಷ್ಟೇ. ತಮ್ಮ ಕೈಯ ಕಪ್ಪು ಬಸಿ ಮಗನ ಕೈಗೆ ಬರಕೂಡದೆಂದು ಪಾಳಿಯ ಮೇಲೆ ಪಾಳಿ ದುಡಿಯುತ್ತಾರೆ. ಹೀಗೆ ಸೇರಿಸಿದ ಹುಡುಗ ಮೊದಲ ವರ್ಷದಲ್ಲೇ ಎಡವಿ ಬೀಳುವುದನ್ನು ನಾವು ಮತ್ತೆ ಮತ್ತೆ ಕಾಣುತ್ತಿದ್ದೇವೆ. ಎಡವುವ ಕಲ್ಲು ಬಹುಮಟ್ಟಿಗೆ ಒಂದೇ: ಗಣಿತ.

ಮುಂಬಯಿ ವಿಶ್ವವಿದ್ಯಾಲಯದ ಹುಡುಗರ ಮಾತಿನಲ್ಲಿ ಇದಕ್ಕೆ 'ಕೇಟಿ' ಬಿತ್ತು ಎನ್ನುತ್ತಾರೆ. ಕೆಲವು ವಿಷಯಗಳನ್ನು ಬಾಕಿ ಇಟ್ಟುಕೊಂಡೇ ಮುಂದಿನ ವರ್ಷಕ್ಕೆ ಹೋಗಲು ಬಿಡುವ ಏರ್ಪಾಡು ಅದು. ಕೇಳಲು ದಯೆಯಂತೆ ಕಾಣುತ್ತದೆ. ಆದರೆ ಎರಡನೆಯ ಗಣಿತ ನಿಂತಿರುವುದು ಮೊದಲನೆಯದರ ಹೆಗಲ ಮೇಲೆ. ಆದುದರಿಂದ ಈ ಬಾಕಿಗೆ ಪಠಾಣನ ಬಡ್ಡಿಯೇ ಸರಿ. ಹೆದರಿದ ತಂದೆ ಸಾಲ ಮಾಡಿ ಖಾಸಗಿ ಕ್ಲಾಸಿಗೆ ಹಣ ಕಟ್ಟುತ್ತಾನೆ. ಕಾಲೇಜಿನಲ್ಲೇ, ತಾನು ಕಟ್ಟಿದ ಶುಲ್ಕದಲ್ಲೇ, ಗಣಿತಕ್ಕೆ ಪಾಠವಲ್ಲದೆ ಟ್ಯುಟೋರಿಯಲ್ ಎಂಬ ಗಂಟೆಯೂ ಸೇರಿದೆ ಎಂಬುದು ಅನೇಕರಿಗೆ ತಿಳಿದೇ ಇಲ್ಲ. ಇಂಜಿನಿಯರಿಂಗಿನ ಮೊದಲ ವರ್ಷದ ವೇಳಾಪಟ್ಟಿ ತೆಗೆದು ನೋಡಿರಿ. ಹುಡುಗರು ಕಡಿಮೆ ಇರುವ ಆ ಗಂಟೆ, ಕೈಯೆತ್ತಿ ಪ್ರಶ್ನೆ ಕೇಳುವುದಕ್ಕಾಗಿಯೇ ಇಟ್ಟದ್ದು. ನಮ್ಮ ಮಕ್ಕಳು ಅಲ್ಲಿ ಮಾಡುವುದೇನು? ಹಲಗೆಯ ಮೇಲಿನ ಉತ್ತರವನ್ನು ನಕಲು ಮಾಡಿ, ಸಹಿ ಹಾಕಿಸಿಕೊಂಡು ಬರುತ್ತಾರೆ.

ಬುದ್ಧಿ ಸಾಲದೆಂದು ಹೀಗಾಗುತ್ತದೆ ಎಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಇದೇ ಪ್ರಶ್ನೆ ಎದ್ದಿತ್ತು. ಅಲ್ಲಿನ ಕಪ್ಪು ಜನರ ಮಕ್ಕಳು, ಶಾಲೆಯಲ್ಲಿ ಚೆನ್ನಾಗಿ ಓದಿ ಬಂದವರೇ, ಕಲನ ಗಣಿತದಲ್ಲಿ ಸಾಲಾಗಿ ನಪಾಸಾಗುತ್ತಿದ್ದರು. ಬಡತನ, ಮನೆಯವರ ಅಲಕ್ಷ್ಯ, ಓದಿನಲ್ಲಿ ಆಸೆಯಿಲ್ಲದಿರುವುದು ಎಂದು ಅಧ್ಯಾಪಕರು ಕಾರಣ ಕೊಟ್ಟರು. ಯೂರಿ ಟ್ರೈಸ್ಮನ್ ಎಂಬ ತರುಣ ಆ ಮಾತನ್ನು ನಂಬಿ ಕೂಡಲಿಲ್ಲ. 20 ಮಂದಿ ಕಪ್ಪು ವಿದ್ಯಾರ್ಥಿಗಳನ್ನೂ 20 ಮಂದಿ ಚೀನೀ ಮೂಲದವರನ್ನೂ ಆರಿಸಿಕೊಂಡು, ಅವರು ಹೇಗೆ ಓದುತ್ತಾರೆಂದು ಬೆನ್ನು ಹತ್ತಿ ನೋಡಿದ. ಕಪ್ಪು ಹುಡುಗರು ಸೋಮಾರಿಗಳಲ್ಲ. ವಾರಕ್ಕೆ 8 ಗಂಟೆ ಓದಿರೆಂದು ಹೇಳಿದ್ದರೆ ಅಷ್ಟನ್ನೂ ಓದುತ್ತಿದ್ದರು, ಆದರೆ ಒಂಟಿಯಾಗಿ. ಚೀನೀ ಹುಡುಗರು ಒಂಟಿಯಾಗಿ ಓದಿದ ಮೇಲೆ ರಾತ್ರಿ ಒಂದೆಡೆ ಸೇರಿ, ಅಡುಗೆ ಮಾಡಿ ಉಂಡು, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ತಿದ್ದುತ್ತಿದ್ದರು. ಎಲ್ಲರಿಗೂ ಬಾರದ ಲೆಕ್ಕ ಬಂದರೆ ಅದು ನಿಜಕ್ಕೂ ಕಠಿಣವೆಂದು ಅವರಿಗೆ ಗೊತ್ತಾಗುತ್ತಿತ್ತು. ಒಂಟಿ ಹುಡುಗನಿಗೆ ಮಾತ್ರ ತಾನೇ ದಡ್ಡನೆಂದು ತೋರುತ್ತಿತ್ತು. ಹಿಂದುಳಿದವರಿಗೆಂದು ಇಟ್ಟಿದ್ದ ನೆರವಿನ ಕಡೆಗೂ ಅವನು ಸುಳಿಯುತ್ತಿರಲಿಲ್ಲ. 1978ರಲ್ಲಿ ಟ್ರೈಸ್ಮನ್ ಶುರು ಮಾಡಿದ ಕೂಟಗಳಲ್ಲಿ ಸುಲಭದ ಲೆಕ್ಕ ಕೊಡಲಿಲ್ಲ, ಕಠಿಣವಾದುದನ್ನೇ ಕೊಟ್ಟು ಗುಂಪಾಗಿ ಕೂರಿಸಿದರು. ಅಲ್ಲಿ ಕೂತವರು ಕೂರದವರಿಗಿಂತ ಬಹಳ ಮೇಲಾದರು.

ದೂರದ ಊರಿನ ಈ ಸಂಗತಿಯಲ್ಲಿ ನಮ್ಮ ಹುಡುಗನ ಮುಖವೇ ಕಾಣುವುದಿಲ್ಲವೇ? ಕನ್ನಡ ಮಾಧ್ಯಮದಿಂದ ಬಂದವನಾದರೆ ಇಂಗ್ಲಿಷಿನಲ್ಲಿ ಬಾಯಿ ಬಿಡಲು ನಾಚಿಕೆ. ತಪ್ಪಾದ ಪುಟವನ್ನು ಮಾಸ್ತರರಿಗೆ ತೋರಿಸಲಂತೂ ಇನ್ನೂ ನಾಚಿಕೆ. ಆದರೆ ತೋರಿಸಬೇಕಾದದ್ದು ಆ ಪುಟವನ್ನೇ. ರಾತ್ರಿ ಗಲ್ಲಾದಲ್ಲಿ 40 ರೂಪಾಯಿ ಕಡಿಮೆ ಬಂದರೆ ಏನು ಮಾಡುತ್ತೇವೆ? ಮೊತ್ತವನ್ನು ತಿದ್ದಿ ಬರೆದು ಮಲಗುವುದಿಲ್ಲ. ಒಂದೊಂದೇ ಬಿಲ್ಲು ತಿರುವಿ, ಎಲ್ಲಿ ತಪ್ಪಿತೆಂದು ಹಿಡಿಯುತ್ತೇವೆ. ಹುಡುಗ ಅಳಿಸಿಹಾಕಿದ ಸಾಲಿನಲ್ಲಿಯೇ ಆ ಬಿಲ್ಲು ಅಡಗಿರುತ್ತದೆ.

ಬಲ್ಲವರು ನಮಗೆ ತೋರಿಸಿಕೊಟ್ಟ ಒಂದು ಉದಾಹರಣೆ. ಎರಡು ಸಂಖ್ಯೆಗಳನ್ನು ಕೂಡಿಸಿ ವರ್ಗ ಮಾಡುವುದೂ, ಬೇರೆ ಬೇರೆ ವರ್ಗ ಮಾಡಿ ಕೂಡಿಸುವುದೂ ಒಂದೇ ಎಂದು ಎಷ್ಟೋ ಮಕ್ಕಳು ತಿಳಿದಿರುತ್ತಾರಂತೆ. 3 ಮತ್ತು 4ನ್ನು ಕೂಡಿಸಿ ವರ್ಗ ಮಾಡಿದರೆ 49. ಬೇರೆ ಬೇರೆ ಮಾಡಿ ಕೂಡಿಸಿದರೆ 25. ಏಳನೆಯ ತರಗತಿಗೆ ಪುಸ್ತಕ ಮುಚ್ಚಿದ ನಮಗೂ ಇದು ಅರ್ಥವಾಗುತ್ತದೆ! ಶಾಲೆಯಲ್ಲಿ ಉಳಿದುಹೋದ ಇಂಥ ಸಣ್ಣ ಬಿರುಕೇ ಕಾಲೇಜಿನ ದೊಡ್ಡ ಲೆಕ್ಕವನ್ನು ಕೆಡವುತ್ತದೆ. ಬರಿದಾದ ಪುಟ ಹಿಡಿದು "ಇಂಟಿಗ್ರೇಶನ್ ಬರುವುದಿಲ್ಲ ಸರ್" ಎಂದರೆ ಮಾಸ್ತರರು ಪಾಠವನ್ನು ಇನ್ನೊಮ್ಮೆ ಹೇಳಿಯಾರು, ಅಷ್ಟೇ. ತಾನು ಮಾಡಿದಷ್ಟನ್ನು ತೋರಿಸಿ "ಮೂರನೆಯ ಸಾಲಿನಲ್ಲಿ ಈ ಗುರುತು ಏಕೆ ಬದಲಾಯಿತು?" ಎಂದು ಕೇಳುವವನಿಗೆ ಬಿರುಕು ಎಲ್ಲಿದೆಯೆಂದು ತಿಳಿಯುತ್ತದೆ.

ಇನ್ನೊಂದು ಮಾತು. ಪೆನ್ನು ಹುಡುಗನ ಕೈಯಲ್ಲೇ ಇರಲಿ. ಭಟ್ಟರು ದೋಸೆ ಹುಯ್ಯುವುದನ್ನು ವರ್ಷವಿಡೀ ನೋಡಿದರೂ ಕಾವಲಿಯ ಮುಂದೆ ನಿಲ್ಲದೆ ಕೈ ಬರುವುದಿಲ್ಲ. ಅಲ್ಲಿ ತಿಳಿದ ಲೆಕ್ಕವನ್ನು ಅದೇ ರಾತ್ರಿ ಪುಸ್ತಕ ಮುಚ್ಚಿ ಮತ್ತೆ ಮಾಡಿ ನೋಡಬೇಕು. ಮೊದಲ ವಾರದಿಂದಲೇ ಹೋಗಬೇಕು. ಪರೀಕ್ಷೆಗೆ ಎಂಟು ದಿನ ಇರುವಾಗ ಓಡಿದರೆ ಅಲ್ಲಿ ಸರತಿಯ ಸಾಲೇ ಕರಗುವುದಿಲ್ಲ.

ತಾಯಿ ತಂದೆಯರು ಗಣಿತ ಬಾರದೆಂದು ದೂರ ಸರಿಯುವುದು ಬೇಡ. ಈ ವಾರ ಟ್ಯುಟೋರಿಯಲ್‌ನಲ್ಲಿ ಏನು ಕೇಳಿದೆ ಎಂದು ಊಟದ ಹೊತ್ತಿಗೆ ವಿಚಾರಿಸಿರಿ, ಕನ್ನಡದಲ್ಲೋ ತುಳುವಿನಲ್ಲೋ ಬಿಡಿಸಿ ಹೇಳಲಿ. ಹೇಳುವಾಗ ಎಲ್ಲಿ ತಡವರಿಸುತ್ತಾನೋ ಅದೇ ಮುಂದಿನ ವಾರದ ಪ್ರಶ್ನೆ. ಹೊಟೇಲಿನಲ್ಲಿ ದುಡಿಯುತ್ತಲೇ ಕಾಲೇಜಿಗೆ ಹೋಗುವ ತರುಣರ ಕಷ್ಟ ಬೇರೆ. ಆ ಗಂಟೆಗೇ ಅವರ ಪಾಳಿ ಬಿದ್ದಿರುತ್ತದೆ. ವಾರಕ್ಕೆ ಒಂದು ದಿನ ಪಾಳಿ ಬದಲಿಸಿಕೊಡಿರೆಂದು ಮಾಲಕರನ್ನು ಕೇಳುವುದು ಭಿಕ್ಷೆಯಲ್ಲ. ಒಬ್ಬನೇ ಕೇಳಲು ಅಳುಕಿದರೆ ಸಂಘದವರು ಜೊತೆಗೆ ಬರುತ್ತೇವೆ.

ನಾಲ್ಕೈದು ಮಂದಿ ಕೂಡಿ ಓದಲು ಚಾಳಿನಲ್ಲಿ ಜಾಗವಿಲ್ಲ ಎಂಬುದನ್ನು ಬಲ್ಲೆವು. ಭಾನುವಾರ ಮಧ್ಯಾಹ್ನ ಸಂಘದ ಕೋಣೆ ಖಾಲಿಯಿರುತ್ತದೆ. ಬೀಗದ ಕೈ ಕಾರ್ಯಾಲಯದಲ್ಲಿ ಕೇಳಿದರೆ ಕೊಡುತ್ತಾರೆ. ಕರಿಹಲಗೆ ಇದೆ, ಸೀಮೆಸುಣ್ಣ ಮಾತ್ರ ತಂದುಕೊಳ್ಳಬೇಕು.