ಡೀಸೆಲ್ ಸೋವಿ ಅನ್ನೋವರ ಕೈಯಾಗ ಮನಿ ಲೆಕ್ಕದ ಬುಕ್ ಕೊಡ್ರಿ

ದಸರಾ, ದೀಪಾವಳಿ ಹತ್ರ ಬಂತಂದ್ರ ನಮ್ಮ ಮನಿಗಳೊಳಗ ಕಾರಿನ ಮಾತು ಶುರು ಆಗ್ತದ. ಎಲ್ಲಿಂದರ ಶುರು ಆಗ್ಲಿ, ಕಡೀಕ ಬಂದು ನಿಲ್ಲೋದು ಒಂದ ಕಡೆ. "ಡೀಸೆಲ್ ಗಾಡೀನ ತೊಗೊಳ್ಳೋಣು. ಎಣ್ಣಿ ಸೋವಿ, ಎವರೇಜ್ ಛಲೋ, ವರ್ಷಕ್ಕ ಎಷ್ಟ ರೊಕ್ಕ ಉಳೀತದ ಗೊತ್ತದೇನು?" ಹೇಳೋವರು ಗಂಡ ಇರಬಹುದು, ಮೈದುನ ಇರಬಹುದು, ಈಗಷ್ಟ ನೌಕರಿ ಹಿಡದ ಮಗಾ ಇರಬಹುದು, ಮಾತು ಮಾತ್ರ ಒಂದ. ನಾವು ಚಹಾ ಸೋಸಿಕೋತ "ಹೌದೇನು, ಹಂಗಾರ ಛಲೋನ ಆತು" ಅಂತೀವಿ. ಮೂರು ದಿನಕ್ಕ ಬ್ಯಾಂಕಿನ ಕಾಗದ ಮನಿಗೆ ಬರ್ತಾವ, ಸಾಲದ ಅರ್ಜಿಯೊಳಗ ನಮ್ಮದೂ ಒಂದು ಸಹಿ ಇರ್ತದ.

ಅಕ್ಕಾರ, ವೈನಿ, ಮಾಮಿ, ಇನ್ನ ಮ್ಯಾಲೆ ಲೆಕ್ಕಾ ನೋಡದ ಹೌದು ಅನಬ್ಯಾಡ್ರಿ. ಊರಾಗಿಂದೂರಾಗ ಓಡಾಡೋ, ತಿಂಗಳಿಗೆ ಐದನೂರು ಆರನೂರು ಕಿಲೋಮೀಟರ್ ಗಾಡಿ ತೆಗಿಯೋ ಮನೀಗೆ ಹೊಸಾ ಡೀಸೆಲ್ ಕಾರು ಉಳಿತಾಯದ್ದಲ್ಲ, ಖರ್ಚಿಂದು. ಹೇಳೋವರು ಸುಳ್ಳ ಹೇಳ್ತಾರ ಅಂತಲ್ಲ, ಅರ್ಧಾ ಲೆಕ್ಕಾ ಹೇಳ್ತಾರ. ಪಂಪಿನ್ಯಾಗ ಉಳಿಯೋ ರೊಕ್ಕ ಕಣ್ಣಿಗೆ ಕಾಣ್ತದ. ಶೋರೂಮು, ಬ್ಯಾಂಕು, ಗ್ಯಾರೇಜಿನ್ಯಾಗ ಹೋಗೋ ರೊಕ್ಕ ಬ್ಯಾರೆ ಬ್ಯಾರೆ ಚೀಟಿ ಮ್ಯಾಲೆ ಬ್ಯಾರೆ ಬ್ಯಾರೆ ತಿಂಗಳಿಗೆ ಹೋಗ್ತದ. ಅದನ್ನ ಒಂದ ಹಾಳಿ ಮ್ಯಾಲೆ ಬರಿಯೋರು ಯಾರೂ ಇಲ್ಲ. ಹಾಲಿನವನ ಲೆಕ್ಕಾ, ಕಿರಾಣಿ ಲೆಕ್ಕಾ, ಭಿಶಿ ಲೆಕ್ಕಾ ಬರಿಯೋ ನಾವು ಇದನ್ನ ಯಾಕ ಬಿಡಬೇಕು?

ಮೊದಲ ಒಂದು ಮಾತು ಒಪ್ಪಿಕೊಳ್ಳೋಣು. "ಡೀಸೆಲ್ ಸೋವಿ" ಅನ್ನೋದು ಒಂದು ಕಾಲಕ್ಕ ಖರೇನ ಇತ್ತು. 2012 ರ ಮೇ ತಿಂಗಳದಾಗ ದಿಲ್ಲಿಯೊಳಗ ಪೆಟ್ರೋಲ್ ಲೀಟರಿಗೆ 73 ರೂಪಾಯಿ ದಾಟಿತ್ತು, ಡೀಸೆಲ್ 41 ರ ಒಳಗ ಇತ್ತು. ಮೂವತ್ತು ರೂಪಾಯಿ ಮ್ಯಾಲೆ ಫರಕು! ಪೆಟ್ರೋಲ್ ದರದ ಮ್ಯಾಲಿನ ಹಿಡಿತ ಸರಕಾರ 2010 ರಾಗ ಬಿಟ್ಟಿತ್ತು, ಡೀಸೆಲ್‌ದ ಬಿಟ್ಟಿರಲಿಲ್ಲ. ಲಾರಿ, ಬಸ್ಸು, ರೈತರ ಪಂಪಸೆಟ್ಟು ಎಲ್ಲಾ ಡೀಸೆಲ್ ಮ್ಯಾಲೆ ನಡಿತಾವ ಅಂತ ಅದನ್ನ ಸೋವಿ ಇಟ್ಟಿತ್ತು. ಆ ಸೋವಿಯೊಳಗ ಕಾರಿನವರೂ ಮಜಾ ಮಾಡಿದ್ರು. 2013 ರ ಜನವರಿಯಿಂದ ತಿಂಗಳಿಗೆ ಐವತ್ತ ಪೈಸೆ ಹಂಗ ಏರಿಸಿಕೋತ ಬಂದು, 2014 ರ ಅಕ್ಟೋಬರ್‌ದಾಗ ಡೀಸೆಲ್ ದರಾನೂ ಪೂರ್ತಿ ಬಿಟ್ಟು ಬಿಟ್ರು. ನಮ್ಮ ರಾಜ್ಯದಾಗ 2025 ರ ಏಪ್ರಿಲ್‌ದಾಗ ಡೀಸೆಲ್ ಮ್ಯಾಲಿನ ಮಾರಾಟ ತೆರಿಗಿ 21.17 ಪರ್ಸೆಂಟಿಗೆ ಏರಿ, ಲೀಟರಿಗೆ ಎರಡು ರೂಪಾಯಿ ಮತ್ತ ತುಟ್ಟಿ ಆತು. ಆಮ್ಯಾಲೆ ಪೆಟ್ರೋಲ್ 103, ಡೀಸೆಲ್ 91 ರ ಆಸುಪಾಸು. ಮೂವತ್ತ ಇದ್ದ ಫರಕು ಹನ್ನೆರಡಕ್ಕ ಬಂತು, ಮಾತು ಮಾತ್ರ 2012 ರಾಗನ ನಿಂತದ.

ಈಗ ಲೆಕ್ಕದ ಬುಕ್ ತೆಗೀರಿ.

ಊರಾಗ ಪೆಟ್ರೋಲ್ ಗಾಡಿ ಲೀಟರಿಗೆ 15 ಕಿಲೋಮೀಟರ್, ಅದ ಗಾಡಿಯ ಡೀಸೆಲ್ 19 ಕಿಲೋಮೀಟರ್ ಕೊಡ್ತದ ಅಂತ ಹಿಡೀರಿ. ಸಾಲಿ, ಆಫೀಸು, ಭಾಜಿ ಮಾರ್ಕೆಟು, ಗುರುವಾರಕ್ಕೊಮ್ಮೆ ರಾಯರ ಮಠ, ಎಲ್ಲಾ ಸೇರಿ ತಿಂಗಳಿಗೆ 600 ಕಿಲೋಮೀಟರ್. ಪೆಟ್ರೋಲಿಗೆ 40 ಲೀಟರ್, ಅಂದ್ರ 4,120 ರೂಪಾಯಿ. ಡೀಸೆಲ್ ಮೂವತ್ತೊಂದೂವರಿ ಲೀಟರ್ ಮ್ಯಾಲೆ, ಅಂದ್ರ ಸುಮಾರು 2,870. ಉಳಿದದ್ದು ತಿಂಗಳಿಗೆ 1,250. ಛಲೋನ ಅದ, ಇದನ್ನ ಒಂದು ಕಡೆ ಬರೀರಿ.

ಈಗ ಇನ್ನೊಂದು ಕಡೆ. ಸಣ್ಣ ಗಾಡಿಯೊಳಗ ಪೆಟ್ರೋಲಿಗಿಂತ ಡೀಸೆಲ್ ಗಾಡಿಗೆ ಲಕ್ಷ, ಲಕ್ಷದ ಮ್ಯಾಲೆ ಹೆಚ್ಚಿಗಿ ಬೀಳ್ತದ. ಪೆಟ್ರೋಲ್‌ದು ಒಂಬತ್ತೂವರಿ ಲಕ್ಷ, ಡೀಸೆಲ್‌ದು ಹತ್ತು ಲಕ್ಷ ಎಂಬತ್ತ ಸಾವಿರ ಅಂತ ತೊಗೊಳ್ರಿ. ಫರಕು 1,30,000 ಅಂತ ಗಂಡಸರು ಹೇಳ್ತಾರ. ಅಲ್ಲಿಗೆ ಮುಗೀಲಿಲ್ಲ. ನಮ್ಮ ಕರ್ನಾಟಕದಾಗ ಗಾಡಿ ಮ್ಯಾಲೆ ಒಮ್ಮೆಲೆ ಕಟ್ಟೋ ಜೀವಾವಧಿ ತೆರಿಗಿ ಅದ ಅಲ್ಲ, ಅದು ಐದರಿಂದ ಹತ್ತು ಲಕ್ಷದ ತನಕ 14 ಪರ್ಸೆಂಟ್, ಹತ್ತು ಲಕ್ಷ ದಾಟಿತಂದ್ರ 17 ಪರ್ಸೆಂಟ್. ಪೆಟ್ರೋಲ್ ಗಾಡಿಗೆ 1,33,000 ಆದ್ರ ಡೀಸೆಲ್ ಗಾಡಿಗೆ 1,83,600. ಅದರ ಮ್ಯಾಲೆ ಸೆಸ್ ಬ್ಯಾರೆ, ಅದನ್ನ ಬಿಡ್ರಿ. ಇಲ್ಲೇ ಐವತ್ತ ಸಾವಿರ ಹೋತು. ಈಗ ಫರಕು ಒಂದು ಲಕ್ಷ ಎಂಬತ್ತ ಸಾವಿರ ಆತು.

ಈ ಎಂಬತ್ತರ ಮ್ಯಾಲಿನ ಲಕ್ಷ ಯಾರ ಕಪಾಟಿನ್ಯಾಗೂ ಕೂತಿರಂಗಿಲ್ಲ, ಸಾಲದಾಗ ಸೇರ್ತದ. 9 ಪರ್ಸೆಂಟ್ ಬಡ್ಡಿ, ಐದು ವರ್ಷ ಅಂದ್ರ ಈ ಹೆಚ್ಚಿನ ರೊಕ್ಕಕ್ಕಷ್ಟ ತಿಂಗಳಿನ ಕಂತು 3,736. ಮತ್ತೊಮ್ಮೆ ಓದ್ರಿ. ಪಂಪಿನ್ಯಾಗ ಉಳಿಯೋದು 1,250, ಬ್ಯಾಂಕಿಗೆ ಹೋಗೋದು 3,736. ಇದಕ್ಕ ಉಳಿತಾಯ ಅನ್ನೋದಾದ್ರ ಗುಡ್ಡ ಅಗದು ಇಲಿ ಹಿಡಿಯೋದಕ್ಕೂ ಉಳಿತಾಯ ಅನಬೇಕಾಗ್ತದ.

ಇನ್ನೂ ಸರ್ವಿಸಿಂಗ್ ಬರದಿಲ್ಲ. ಡೀಸೆಲ್ ಇಂಜಿನ್ನಿಗೆ ಆಯಿಲ್ ಹೆಚ್ಚ ಲೀಟರ್ ಬೇಕಾಗ್ತದ, ಡೀಸೆಲ್ ಫಿಲ್ಟರ್ ಆಗಾಗ ಬದಲಿ ಮಾಡಬೇಕು, ಬ್ಯಾಟರಿನೂ ದೊಡ್ಡದು. ಪೆಟ್ರೋಲ್ ಗಾಡಿಗೆ ಸ್ಪಾರ್ಕ್ ಪ್ಲಗ್ ಖರ್ಚ ಇರ್ತದ, ಖರೇ, ಅದನ್ನ ಕಳದನೂ ವರ್ಷಕ್ಕ ಮೂರು ಸಾವಿರ ಹೆಚ್ಚಿಗಿ ಹಿಡೀರಿ. ಅಂದ್ರ 1,250 ಹೋಗಿ ಸಾವಿರಕ್ಕ ಬಂತು. ಐದು ವರ್ಷದಾಗ ಬ್ಯಾಂಕಿಗೆ ಕಟ್ಟಿದ್ದು 2,24,000. ವರ್ಷಕ್ಕ ಹನ್ನೆರಡು ಸಾವಿರದಂಗ ಅದನ್ನ ವಾಪಸ್ ತರಬೇಕಂದ್ರ ಹದಿನೆಂಟು ವರ್ಷದ ಮ್ಯಾಲೆ ಬೇಕು. ಗಾಡಿ ನೋಂದಣಿ ಇರೋದ 15 ವರ್ಷ! ಡಿಕ್ಕಿಯೊಳಗ ಮೊಮ್ಮಕ್ಕಳ ಸಾಲಿ ಚೀಲಾ ಇಡೂ ಮುಂದ ಲಾಭ ಶುರು ಆಗ್ತದೇನೋ.

ಇದು ಏನೂ ಕೆಡದ ಗಾಡಿಯ ಲೆಕ್ಕಾ. ಕೆಟ್ಟದ್ದಾದ್ರ ಬ್ಯಾರೆ ಪುರಾಣ.

2020 ರ ಏಪ್ರಿಲ್ 1 ರಿಂದ ಬಿಎಸ್ 6 ನಿಯಮ ಬಂತು. ಹೊಗಿ ಕಡಿಮಿ ಆಗಬೇಕು ಅಂತ ಮಾಡಿದ್ದು, ನಮ್ಮ ಮಕ್ಕಳ ಎದಿಗೆ ಛಲೋನ ಆತು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದ್ರ ಆ ನಿಯಮಕ್ಕ ತಕ್ಕಂಗ ಸಣ್ಣ ಡೀಸೆಲ್ ಇಂಜಿನ್ ಮಾಡೋದು ತುಟ್ಟಿ ಬೀಳ್ತದ ಅಂತ ಮಾರುತಿ ಸುಝುಕಿ ಅವತ್ತಿನಿಂದ ಡೀಸೆಲ್ ಕಾರು ಮಾಡೋದ ನಿಲ್ಲಿಸ್ತು. ದೇಶದಾಗ ಎಲ್ಲಾರಕಿಂತ ಹೆಚ್ಚ ಕಾರು ಮಾರೋವರು ಲೆಕ್ಕಾ ಹಾಕಿ ಬಿಟ್ಟದ್ದನ್ನ ನಾವು ಲೆಕ್ಕಾ ಹಾಕದ ಹಿಡೀತೀವಿ.

ಬಿಎಸ್ 6 ಡೀಸೆಲ್ ಗಾಡಿಯ ಹೊಗಿ ಕೊಳವಿಯೊಳಗ ಡಿಪಿಎಫ್ ಅಂತ ಒಂದು ಜರಡಿ ಇರ್ತದ. ಹಿಂದಕ ಕಂದೀಲದ ಕಾಜಿಗೆ ಮಸಿ ಹಿಡೀತಿತ್ತಲ್ಲ, ಹಂಗ ಡೀಸೆಲ್ ಮಸಿ ಆ ಜರಡಿಯೊಳಗ ಕೂಡ್ತದ. ಕಂದೀಲದ ಕಾಜು ನಾವು ಬೂದಿ ಹಚ್ಚಿ ತಿಕ್ಕತಿದ್ವಿ, ಇದನ್ನ ತಿಕ್ಕಲಿಕ್ಕೆ ಬರಂಗಿಲ್ಲ. ಗಾಡಿನ ತನ್ನ ಬಿಸಿಯಿಂದ ಆ ಮಸಿ ಸುಡಬೇಕು, ಅದಕ್ಕ ಜರಡಿಯೊಳಗ ಸುಮಾರು 600 ಡಿಗ್ರಿ ಬಿಸಿ ಬೇಕು. ಅಷ್ಟ ಬಿಸಿ ಬರಬೇಕಂದ್ರ ಹೈವೇ ಮ್ಯಾಲೆ ಹದಿನೈದಿಪ್ಪತ್ತು ನಿಮಿಷ ಒಂದ ಸ್ಪೀಡಿನ್ಯಾಗ ಎಡಬಿಡದ ಓಡಬೇಕು. ನಮ್ಮ ಗಾಡಿ ಎಲ್ಲಿ ಓಡ್ತದ? ಮನಿಯಿಂದ ಸಾಲಿಗೆ ಮೂರು ಕಿಲೋಮೀಟರ್, ನಡುವ ನಾಲ್ಕು ಸಿಗ್ನಲ್. ಹಂಚು ಕಾಯೂದರೊಳಗ ಒಲಿ ಆರಿಸಿದಂಗ. ಮಸಿ ಸುಡಂಗಿಲ್ಲ, ಸುಡಲಿಕ್ಕೆ ಅಂತ ಗಾಡಿ ಹೆಚ್ಚಿಗಿ ಬಿಟ್ಟ ಡೀಸೆಲ್ ಇಂಜಿನ್ ಆಯಿಲ್‌ದಾಗ ಇಳದು ಆಯಿಲ್ ನೀರ ಆಗ್ತದ. ಆಮ್ಯಾಲೆ ಮುಂದಿನ ಪಟ್ಟಿ ಮ್ಯಾಲೆ ಹಳದಿ ದೀಪ ಹತ್ತತದ.

ನಮ್ಮ ಓಣ್ಯಾಗ ಒಂದು ಮನಿಯೊಳಗ ಆ ಹಳದಿ ದೀಪ ಹತ್ತಿ, ಗಾಡಿ ಗ್ಯಾರೇಜಿನ್ಯಾಗ ದಿನಗಟ್ಟಲೆ ನಿಂತಿತ್ತು. "ನೀವು ಗಾಡಿ ಸರಿ ಓಡಿಸಿಲ್ಲ, ಬೈಪಾಸಿಗೆ ಒಯ್ದು ಓಡಿಸಿಕೊಂಡ ಬರ್ರಿ" ಅಂತ ಅವರಿಗೇ ಬುದ್ಧಿ ಹೇಳಿ ಕಳಿಸಿದ್ರಂತ. ಈಗ ಅವರು ಐತವಾರಕ್ಕೊಮ್ಮೆ ಕೆಲಸ ಇಲ್ಲದ ಬೈಪಾಸಿಗೆ ಹೋಗಿ ಡೀಸೆಲ್ ಸುಟ್ಟು ಬರ್ತಾರ. ಎಣ್ಣಿ ಉಳಿಸಲಿಕ್ಕೆ ತಂದ ಗಾಡಿಗೆ ಎಣ್ಣಿ ಸುಡೂ ನೇಮ! ಜರಡಿ ಪೂರ್ತಿ ಕಟ್ಟಿ ಬದಲಿ ಮಾಡೂ ಪಾಳಿ ಬಂತಂದ್ರ ಅದು ಹತ್ತಿಪ್ಪತ್ತು ಸಾವಿರದಾಗ ಮುಗಿಯೋ ಮಾತಲ್ಲ.

ಅದರ ಹಿಂದ ಟರ್ಬೊ, ಇಂಜೆಕ್ಟರು. ಡೀಸೆಲ್ ಗಾಡಿಯೊಳಗ ಎಣ್ಣಿನ ಭಾರಿ ಒತ್ತಡದಿಂದ ಕೂದಲಿನಷ್ಟ ಸಣ್ಣ ತೂತಿನಿಂದ ಸಿಂಪಡಸ್ತಾರ. ಕೆಟ್ಟ ಡೀಸೆಲ್ ಬಿತ್ತು, ನೀರು ಸೇರಿತು ಅಂದ್ರ ಮೊದಲ ಪೆಟ್ಟು ಅದಕ್ಕ. ನಾಲ್ಕು ಸಿಲಿಂಡರಿಗೆ ನಾಲ್ಕು ಇಂಜೆಕ್ಟರ್, ಹೊಸಾದು ಒಂದಕ್ಕ ಹತ್ತು ಸಾವಿರ ದಾಟೋದು ಸಾಮಾನ್ಯ. ಟರ್ಬೊ ಈಗ ಕೆಲವು ಪೆಟ್ರೋಲ್ ಗಾಡಿಗೂ ಇರ್ತದ, ಸಾದಾ ಪೆಟ್ರೋಲ್ ಗಾಡಿಗೆ ಇರಂಗಿಲ್ಲ, ತರೂ ಮುಂದ ಅದನ್ನೂ ಕೇಳ್ರಿ. ಹತ್ತು ವರ್ಷದ ಎಣ್ಣಿ ಉಳಿತಾಯ ಒಂದ ಬಿಲ್ಲಿನ್ಯಾಗ ಹೋಗ್ತದ, ಆ ಬಿಲ್ಲು ಬರೋದು ವಾರಂಟಿ ಮುಗದ ಮ್ಯಾಲೇನ.

ಇದ ಕಾರಣಕ್ಕ ಹಳೇ ಡೀಸೆಲ್ ಗಾಡಿ "ಸೋವಿ ಸಿಗಲಿಕತ್ತದ" ಅಂತ ಯಾರರ ಅಂದ್ರ ಇನ್ನೂ ಹುಷಾರಿರ್ರಿ. ಲಕ್ಷ ಕಿಲೋಮೀಟರ್ ಹತ್ರ ಬಂದ ಗಾಡಿ ಮಾರೋವರು ಯಾಕ ಮಾರ್ತಾರ ಅಂತ ಕೇಳ್ರಿ. ಕ್ಲಚ್, ಟರ್ಬೊ, ಇಂಜೆಕ್ಟರ್ ಖರ್ಚು ಬರೋದು ಅದ ಹೊತ್ತಿಗೆ. ಬತ್ತಿದ ಎಮ್ಮಿ ಸೋವಿ ಸಿಕ್ತು ಅಂತ ಹಗ್ಗಾ ಹಿಡದು ಮನಿಗೆ ಬಂದ್ರ ಹಿಂಡಿ ಹಾಕೋರು ಯಾರು?

ಇಷ್ಟೆಲ್ಲಾ ಹೇಳಿದ್ರ ಗಂಡಸರ ಕಡೆ ಮೂರು ಉತ್ತರ ತಯಾರಿರ್ತಾವ. ಒಂದು, "ಡೀಸೆಲ್ ಇಂಜಿನ್ ಗಟ್ಟಿ, ಭಾಳ ವರ್ಷ ಬರ್ತದ." ಇಂಜಿನ್ ಗಟ್ಟಿ ಇರೋದು ಖರೇ, ಅದರ ಸುತ್ತಮುತ್ತ ಜೋಡಿಸಿದ ಸಾಮಾನು ಅಷ್ಟ ಗಟ್ಟಿ ಇರಂಗಿಲ್ಲ. ಮ್ಯಾಲೆ ತಿಂಗಳಿಗೆ 600 ಓಡಿದ್ರ ಹದಿನೈದು ವರ್ಷಕ್ಕ 1,08,000 ಕಿಲೋಮೀಟರ್. ಅಷ್ಟಕ್ಕ ಪೆಟ್ರೋಲ್ ಇಂಜಿನ್ನೂ ದಣಿಯಂಗಿಲ್ಲ. ಎರಡು, "ಮಾರೂ ಮುಂದ ಹೆಚ್ಚ ಬರ್ತದ." ಹೆಚ್ಚ ಕೊಟ್ಟಿದ್ದಕ್ಕ ಸ್ವಲ್ಪ ಹೆಚ್ಚ ಬರ್ತದ, ಅಷ್ಟ. ತೆರಿಗಿ ಕಟ್ಟಿದ ಐವತ್ತ ಸಾವಿರ, ಬಡ್ಡಿ ಕಟ್ಟಿದ 44,000, ಇವನ್ನ ಕೊಳ್ಳೋವ ತಿರುಗಿ ಕೊಡಂಗಿಲ್ಲ. ಮೂರು, "ಘಾಟಿನ್ಯಾಗ ಜಗ್ಗೋ ತಾಕತ್ತು ನೋಡ್ರಿ." ಈ ಮಾತು ಪೂರ್ತಿ ಒಪ್ಪತೀನಿ. ಏಳು ಮಂದಿ, ಮ್ಯಾಲೆ ಗಂಟು ಮೂಟಿ ಹಾಕ್ಕೊಂಡು ಅಂಕೋಲಾ ಘಾಟು ಇಳದು ಏರೂ ಮುಂದ ಡೀಸೆಲ್ ಗಾಡಿ ಸುಖ ಬ್ಯಾರೇನ. ಆದ್ರ ವರ್ಷಕ್ಕ ಎಷ್ಟ ಸರ್ತೆ ಹೋಗ್ತೀವಿ? ಎರಡು ಸರ್ತೆ ಬಾಡಿಗಿ ಗಾಡಿ ಮಾಡ್ರಿ, ಡ್ರೈವರಿಗೆ ಊಟಾ ಹಾಕ್ರಿ, ಆದ್ರೂ ರೊಕ್ಕ ಉಳೀತದ.

ಹಂಗಂತ ಡೀಸೆಲ್ ಯಾರಿಗೂ ಬ್ಯಾಡ ಅಂತ ನಾ ಅನ್ನಂಗಿಲ್ಲ. ತಿಂಗಳಿಗೆ ಎರಡು ಸಾವಿರ ಕಿಲೋಮೀಟರ್ ಓಡಿಸೋ ಮನೀಗೆ ಲೆಕ್ಕಾ ತಿರುಗತದ. ಎಣ್ಣಿಯೊಳಗ 4,150 ಉಳೀತದ, ಕಂತಿನ 3,736 ಕಟ್ಟಿ ಹೆಚ್ಚಿನ ಸರ್ವಿಸಿಂಗಿಗೂ ಅಷ್ಟೋ ಇಷ್ಟೋ ಉಳಿತದ, ಸಾಲ ತೀರಿದ ಮ್ಯಾಲೆ ಉಳಿದದ್ದು ಕೈಯಾಗ. ದಿನಾ ಹುಬ್ಬಳ್ಳಿಯಿಂದ ಬೆಳಗಾವಿ, ಗದಗ, ಹಾವೇರಿ ಅಂತ ಅಡ್ಡಾಡೋ ವ್ಯಾಪಾರಸ್ತರು, ಟ್ಯಾಕ್ಸಿ ನಡಸೋವರು, ಹಳ್ಳಿಯಿಂದ ದಿನಾ ಮಾರ್ಕೆಟಿಗೆ ಬರೋವರು ತೊಗೊಳ್ಳಿ. ಅವರ ಗಾಡಿ ಹೈವೇ ಮ್ಯಾಲೆ ಓಡ್ತದ, ಮಸೀನೂ ಸುಡ್ತದ, ರೊಕ್ಕಾನೂ ಹುಟ್ಟತದ. ಅವರ ಲೆಕ್ಕಾ ತಂದು ಸಾಲಿ, ಸಂತಿಗೆ ಹೋಗೋ ನಮ್ಮ ಮನೀಗೆ ಹಚ್ಚಬ್ಯಾಡ್ರಿ, ಇಷ್ಟ ನನ್ನ ಮಾತು.

ಯಾಕಂದ್ರ ಈ ರೊಕ್ಕ ಎಲ್ಲಿಂದ ಬರ್ತದ ಅನ್ನೋದು ನಮಗ ಗೊತ್ತದ. ಮುಂಗಡಕ್ಕ ಕಡಿಮಿ ಬಿತ್ತಂದ್ರ ಮೊದಲ ನೆನಪಾಗೋದು ನಮ್ಮ ಭಿಶಿ, ಆಮ್ಯಾಲೆ ಬಳಿ, ಆಮ್ಯಾಲೆ ಮಗಳ ಹೆಸರಲೆ ಇಟ್ಟ ಎಫ್‌ಡಿ. ತಿಂಗಳಿಗೆ 2,700 ರೂಪಾಯಿ ಕಡಿಮಿ ಬಿದ್ರ ಕಾರಿನ ಕಂತು ನಿಲ್ಲಂಗಿಲ್ಲ, ಮಗಳ ಟ್ಯೂಷನ್ ನಿಲ್ತದ, ಅತ್ತಿಯವರ ಕಣ್ಣಿನ ಆಪರೇಷನ್ "ಮುಂದಿನ ವರ್ಷ ನೋಡೋಣು" ಅಂತ ಆಗ್ತದ. ಗಾಡಿ ಆರಿಸೋ ಮುಂದ ನಮ್ಮನ್ನ ಕೇಳೋದು ಬಣ್ಣಾ ಯಾವುದು ಅಂತ ಅಷ್ಟ. ಕಂತು ಕಟ್ಟೋ ಮುಂದ ಬಿಗಿ ಹಿಡಿಯೋದು ನಮ್ಮ ಅಡಗಿ ಮನಿ.

ಅದಕ್ಕ ಬಣ್ಣದ ಮಾತು ಬಿಟ್ಟು ಬ್ಯಾರೆ ಕೇಳ್ರಿ. ಹೋದ ವರ್ಷ ನಮ್ಮ ಗಾಡಿ ಒಟ್ಟು ಎಷ್ಟ ಕಿಲೋಮೀಟರ್ ಓಡೇದ? ಎಲ್ಲಾ ತೆರಿಗಿ, ವಿಮಾ ಸೇರಿ ಎರಡೂ ಗಾಡಿಯ ಪೂರಾ ರೇಟು ಎಷ್ಟ? ಐದು ವರ್ಷದ ಸರ್ವಿಸಿಂಗ್ ಪಟ್ಟಿ ಎರಡೂ ಗಾಡೀದು ಬರದು ಕೊಡ್ತಾರೇನು? ಡಿಪಿಎಫ್ ಕಟ್ಟಿದ್ರ ಅದು ವಾರಂಟಿಯೊಳಗ ಬರ್ತದೋ ಇಲ್ಲೋ? ಈ ನಾಲ್ಕೂ ಉತ್ತರ ಲೆಕ್ಕದ ಬುಕ್ಕಿನ್ಯಾಗ ಬರೋತನಕ ಸಾಲದ ಕಾಗದಕ್ಕ ಸಹಿ ಮಾಡಬ್ಯಾಡ್ರಿ. "ನಿನಗ ಗಾಡಿ ಬಗ್ಗೆ ಏನ ತಿಳೀತದ" ಅಂತ ಅಂದ್ರ, ಗಾಡಿ ಬಗ್ಗೆ ನೀವ ಹೇಳ್ರಿ, ರೊಕ್ಕದ ಬಗ್ಗೆ ನಾ ಕೇಳ್ತೀನಿ ಅಂತ ಪೆನ್ನಿನ ಟೊಪಗಿ ಹಾಕಿ ಇಟ್ಟುಬಿಡ್ರಿ.